ಪಾಸ್‌ಪೋರ್ಟ್ ಕೊಟ್ಟ ದಿನದಿಂದ ವಿಮಾನ ಹತ್ತುವ ದಿನದವರೆಗೆ

ಮಾನ್ಯ ಸಂಪಾದಕರೇ,

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿ, ಅಲ್ಲಿ ಸಂಬಳ ಸಿಗದೆ, ಪಾಸ್‌ಪೋರ್ಟ್ ಕೈಗೆ ಬಾರದೆ, ಕೊನೆಗೆ ರಾಯಭಾರ ಕಚೇರಿಯ ನೆರವಿನಿಂದ ಊರಿಗೆ ಮರಳಿದವರ ಸುದ್ದಿಯನ್ನು ತಮ್ಮ ಪತ್ರಿಕೆ ಆಗಾಗ ಪ್ರಕಟಿಸುತ್ತ ಬಂದಿದೆ. ಕರಾವಳಿಯ ಓದುಗನಾಗಿ ಅದಕ್ಕೆ ನಾನು ಕೃತಜ್ಞನಾಗಿದ್ದೇನೆ. ಆದರೆ ಅಂಥ ಪ್ರತಿಯೊಂದು ಸುದ್ದಿಯ ಹಿಂದೆ ಯಾರೂ ಬರೆಯದ ಮೊದಲ ಅಧ್ಯಾಯವೊಂದು ಇರುತ್ತದೆ. ಅದು ನಡೆಯುವುದು ನಮ್ಮದೇ ಮನೆಗಳ ಜಗಲಿಯಲ್ಲಿ, ನಮ್ಮದೇ ಪೇಟೆಗಳ ಎರಡನೇ ಮಹಡಿಯ ಕಚೇರಿಗಳಲ್ಲಿ. ಪಾಸ್‌ಪೋರ್ಟನ್ನು ಏಜೆಂಟರಿಗೆ ಒಪ್ಪಿಸಿದ ದಿನ ಶುರುವಾಗಿ ವಿಮಾನ ಹತ್ತುವ ದಿನಕ್ಕೆ ಮುಗಿಯುವ ಆ ಕಾಯುವ ಕಾಲಕ್ಕೆ ನಮ್ಮ ಕಾನೂನಿನಲ್ಲಾಗಲಿ ಆಡಳಿತದಲ್ಲಾಗಲಿ ಸರಿಯಾದ ಲೆಕ್ಕವೇ ಇಲ್ಲ. ಆ ಕಾಲದಲ್ಲಿ ಒಂದು ಕುಟುಂಬಕ್ಕೆ ಏನೇನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೂ ಪ್ರಕಟಿಸಬೇಕೆಂದು ವಿನಂತಿ.

ನಾನು ಕುಂದಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತನಾದವನು. ನಮ್ಮ ಕಡೆಯ ಮೇಷ್ಟ್ರುಗಳಿಗೆ ಪಾಠದ ಜೊತೆಗೆ ಇನ್ನೊಂದು ಕೆಲಸವೂ ತಾನಾಗಿ ಅಂಟಿಕೊಳ್ಳುತ್ತದೆ: ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡುವುದು, ಜನ್ಮದಿನಾಂಕದ ದಾಖಲೆ ಹುಡುಕಿಕೊಡುವುದು, ಇಂಗ್ಲಿಷಿನಲ್ಲಿ ಬಂದ ಆಫರ್ ಲೆಟರನ್ನು ಓದಿ ಅರ್ಥ ಹೇಳುವುದು. ನನ್ನ ಬಳಿ ಕಲಿತ ಹುಡುಗರಲ್ಲಿ ಮೊದಲಿಗರು ಕೊಲ್ಲಿಗೆ ಹೊರಟದ್ದು 1990ರ ದಶಕದಲ್ಲಿ. ಆಗ ವೀಸಾಕ್ಕೆ ಕಾಯುವುದೆಂದರೆ ಬಸ್ಸು ಹಿಡಿದು ಮುಂಬೈಗೆ ಹೋಗಿ, ಪರಿಚಯದವರ ಕೋಣೆಯಲ್ಲಿ ಹತ್ತು ಜನರ ನಡುವೆ ಚಾಪೆ ಹಾಸಿ ಮಲಗುವುದು ಎಂದೇ ಅರ್ಥ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಆ ಪ್ರಯಾಣ ಸ್ವಲ್ಪ ಸುಲಭವಾಯಿತು. 2006ರ ಅಕ್ಟೋಬರ್‌ನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲೆ ಮುಂಬೈಯ ದಾರಿ ಬಹುಮಟ್ಟಿಗೆ ಮರೆತೇಹೋಯಿತು. ವಿಮಾನ ನಿಲ್ದಾಣ ಹತ್ತಿರವಾಯಿತು, ಏಜೆಂಟರೂ ಹತ್ತಿರವಾದರು. ಕಾಯುವುದು ಮಾತ್ರ ಕಡಿಮೆಯಾಗಲಿಲ್ಲ. ಮುಂಬೈಯ ಕೋಣೆಯಿಂದ ಮನೆಯ ಜಗಲಿಗೆ ಬಂತು, ಅಷ್ಟೆ.

ನನ್ನ ಅಕ್ಕನ ಮಗನಿಗೆ ಈಗ 27 ವರ್ಷ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ, ಉಡುಪಿಯ ಒಂದು ಕಟ್ಟಡ ಸಮುಚ್ಚಯದ ನಿರ್ವಹಣಾ ವಿಭಾಗದಲ್ಲಿ ನಾಲ್ಕು ವರ್ಷ ದುಡಿದು, ತಿಂಗಳಿಗೆ 19 ಸಾವಿರ ರೂಪಾಯಿ ತರುತ್ತಿದ್ದ. ಕಳೆದ ವರ್ಷ ಜುಲೈ ತಿಂಗಳಲ್ಲಿ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಕೆಲಸವಿದೆ, 1,800 ರಿಯಾಲ್ ಸಂಬಳ, ಊಟ ವಸತಿ ಕಂಪನಿಯದೇ ಎಂದು ಗೆಳೆಯನೊಬ್ಬನ ಮೂಲಕ ತಿಳಿದು, ಏಜೆಂಟರ ಕಚೇರಿಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದ. ನಮ್ಮ ರೂಪಾಯಿಗೆ ಪರಿವರ್ತಿಸಿದರೆ ಸುಮಾರು 40 ಸಾವಿರ. ಅದರಲ್ಲಿ ಊಟದ ಖರ್ಚೂ ಇಲ್ಲ, ಮನೆ ಬಾಡಿಗೆಯೂ ಇಲ್ಲ. ತಂಗಿಯ ಮದುವೆ ಎದುರಿಗಿರುವ ಮನೆಯಲ್ಲಿ ಇದನ್ನು ಯಾರು ಬೇಡವೆಂದಾರು? ಸರ್ವಿಸ್ ಚಾರ್ಜಿನ ಅಡ್ವಾನ್ಸ್ ಎಂದು 60 ಸಾವಿರ ರೂಪಾಯಿ ಕೊಡಬೇಕಾಯಿತು. ಅಕ್ಕ ತನ್ನ ಕರಿಮಣಿ ಸರವೊಂದನ್ನು ಬಿಟ್ಟು ಉಳಿದ ಚಿನ್ನವನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟು ಆ ಹಣ ಹೊಂದಿಸಿದಳು. ಮೂಲ ಪಾಸ್‌ಪೋರ್ಟ್ ಅಂದೇ ಏಜೆಂಟರ ಮೇಜಿನ ಖಾನೆ ಸೇರಿತು. ಹಣಕ್ಕೆ ರಸೀದಿ ಕೇಳಿದಾಗ, ಒಂದು ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಮೊತ್ತವನ್ನು ಬರೆದು ಸಹಿ ಹಾಕಿ ಕೊಟ್ಟರು. ಅದರಲ್ಲಿ ದಿನಾಂಕವೂ ಇರಲಿಲ್ಲ.

ಆಗಸ್ಟ್‌ನಲ್ಲಿ ಮೆಡಿಕಲ್ ಆಯಿತು, ಫಿಟ್ ಎಂದು ಬಂತು. ವೀಸಾ ಹದಿನೈದು ದಿನಗಳಲ್ಲಿ ಸ್ಟಾಂಪ್ ಆಗುತ್ತದೆ, ಟಿಕೆಟ್ ಬಂದರೆ ಎರಡು ದಿನದಲ್ಲಿ ಹೊರಡಬೇಕಾಗುತ್ತದೆ, ಆದ್ದರಿಂದ ಈಗಿರುವ ಕೆಲಸ ಬಿಟ್ಟುಬಿಡು ಎಂದು ಏಜೆಂಟರು ಹೇಳಿದ್ದನ್ನು ನಂಬಿ ಸೆಪ್ಟೆಂಬರ್‌ನಲ್ಲಿ ಅವನು ರಾಜೀನಾಮೆ ಕೊಟ್ಟ. ಬಟ್ಟೆಬರೆ ತುಂಬಿಸಿದ ಸೂಟ್‌ಕೇಸು ಚಾವಡಿಯ ಮೂಲೆಯಲ್ಲಿ ಬಂದು ಕುಳಿತಿತು. ನವರಾತ್ರಿ ಮುಗಿಯಿತು, ದೀಪಾವಳಿ ಮುಗಿಯಿತು. ಫೋನ್ ಮಾಡಿದಾಗಲೆಲ್ಲ ಇನ್ನೆರಡು ವಾರ ಎಂಬ ಒಂದೇ ಉತ್ತರ. ಡಿಸೆಂಬರ್ ವೇಳೆಗೆ ಮೆಡಿಕಲ್‌ನ ಅವಧಿ ಮುಗಿದುಹೋಗಿತ್ತು. ಮತ್ತೆ ಅಷ್ಟೇ ಖರ್ಚು ಮಾಡಿ ಎರಡನೇ ಬಾರಿ ರಕ್ತ ಕೊಟ್ಟು, ಎಕ್ಸ್‌ರೇ ತೆಗೆಸಿ ಬಂದ. ಜನವರಿಯಲ್ಲಿ ಏಜೆಂಟರೇ ಕರೆದು ಹೊಸ ದಾರಿಯೊಂದನ್ನು ಸೂಚಿಸಿದರು: ಸೌದಿಯದು ತಡವಾಗುತ್ತಿದೆ, ಇನ್ನು 40 ಸಾವಿರ ಕೊಟ್ಟರೆ ವಿಸಿಟ್ ವೀಸಾದಲ್ಲಿ ದುಬೈಗೆ ಕಳುಹಿಸುತ್ತೇವೆ, ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಮಾಡಿಸಿಕೊಳ್ಳಬಹುದು.

ಅವನು ಅದಕ್ಕೆ ಒಪ್ಪಿಯೇಬಿಟ್ಟಿದ್ದ. ನನ್ನ ಬಳಿಗೆ ಬಂದದ್ದು ಉಳಿದ 40 ಸಾವಿರ ಸಾಲ ಕೇಳಲು. "ಮಾವ, ಊರಲ್ಲಿ ಕೂತು ಮುಖ ತೋರಿಸುವುದು ಕಷ್ಟವಾಗಿದೆ, ಎಲ್ಲಿಗಾದರೂ ಸರಿ, ಒಮ್ಮೆ ಹೊರಟುಬಿಡುತ್ತೇನೆ" ಎಂದ ಅವನ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಆರು ತಿಂಗಳ ಹಿಂದೆ ಸಂಬಳ, ರಜೆ, ಓವರ್‌ಟೈಮ್ ಎಂದು ಒಂದೊಂದನ್ನೂ ಕೇಳಿ ತಿಳಿದುಕೊಂಡಿದ್ದ ಹುಡುಗ ಇವನೇ. ಅವನಲ್ಲಿ ಬುದ್ಧಿ ಕಡಿಮೆಯಾಗಿರಲಿಲ್ಲ, ಕಾದು ಕಾದು ಅವನು ಸವೆದುಹೋಗಿದ್ದ. ಮೋಸ ಹೋದವರನ್ನು ಕಂಡಾಗ, ಓದಿದವರಾಗಿಯೂ ಹೀಗೆ ಮಾಡಿಕೊಂಡರಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೆಲಸ ಬಿಟ್ಟಾಗಿದೆ, ಚಿನ್ನ ಅಡವಿನಲ್ಲಿದೆ, ಬಡ್ಡಿ ಏರುತ್ತಿದೆ, ಪಾಸ್‌ಪೋರ್ಟ್ ಬೇರೆಯವರ ಕೈಯಲ್ಲಿರುವುದರಿಂದ ಇನ್ನೊಂದು ಕಡೆ ಪ್ರಯತ್ನಿಸುವ ಹಾಗೂ ಇಲ್ಲ, ದೇವಸ್ಥಾನದಲ್ಲಿ ಸಿಕ್ಕವರೆಲ್ಲ ಯಾವಾಗ ಹೊರಡುವುದು ಎಂದು ಕೇಳುತ್ತಾರೆ. ಆ ಸ್ಥಿತಿಯಲ್ಲಿ ಆರು ತಿಂಗಳು ಕಳೆದವನಿಗೆ ಏಜೆಂಟರು ಏನನ್ನು ಮುಂದಿಟ್ಟರೂ ಅದು ಬಿಡುಗಡೆಯಂತೆ ಕಾಣುತ್ತದೆ. ಕಾಯಿಸುವುದು ಇವರ ಅಸಡ್ಡೆ ಎಂದು ನಾನು ಮೊದಲು ತಿಳಿದಿದ್ದೆ. ಈಗ ನನಗೆ ಹಾಗನಿಸುವುದಿಲ್ಲ. ಕಾಯಿಸುವುದೇ ಈ ವ್ಯವಹಾರದ ಬಂಡವಾಳ.

ಅಂದು ಸಂಜೆ ನಾವಿಬ್ಬರೂ ಕುಳಿತು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣವನ್ನು ತೆರೆದು ನೋಡಿದೆವು. ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಆ ಕಚೇರಿಯ ಹೆಸರಿರಲಿಲ್ಲ. ಅದಕ್ಕಿಂತಲೂ ನನ್ನನ್ನು ಕಂಗೆಡಿಸಿದ್ದು ಇನ್ನೊಂದು ಸಂಗತಿ. ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮುಂತಾದ ಕೆಲಸಗಳಿಗೆ ಭಾರತದಿಂದ ಬರುವವರು ಇಲ್ಲಿಯೇ ಕೌಶಲ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕು ಎಂಬ ವ್ಯವಸ್ಥೆಯನ್ನು ಸೌದಿ ಸರ್ಕಾರ ಕೆಲವು ವರ್ಷಗಳಿಂದ ಜಾರಿಗೆ ತಂದಿದೆ. ಆರು ತಿಂಗಳಲ್ಲಿ ಏಜೆಂಟರು ಆ ಪರೀಕ್ಷೆಯ ಹೆಸರನ್ನೇ ಎತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಒಬ್ಬನಿಗೆ ಆ ಪರೀಕ್ಷೆಯ ಮಾತೇ ಇಲ್ಲದೆ ಸೌದಿಯ ಕೆಲಸದ ವೀಸಾ ಮಾಡಿಸುತ್ತಿದ್ದೇವೆ ಎಂದು ಹೇಳಿದ್ದರೆ, ಅವರು ಅರ್ಜಿಯನ್ನೇ ಹಾಕಿರಲಿಲ್ಲ ಎಂದು ತಿಳಿಯದೆ ನಾನು ಬೇರೆ ಏನನ್ನು ತಿಳಿಯಲಿ? ಇಲ್ಲದ ವೀಸಾಕ್ಕಾಗಿ ಒಂದು ಮನೆ ಆರು ತಿಂಗಳು ಉಸಿರು ಬಿಗಿಹಿಡಿದು ಕಾದಿತ್ತು.

ಪಾಸ್‌ಪೋರ್ಟ್ ಹಿಂದಕ್ಕೆ ಕೇಳಿದಾಗ ಕ್ಯಾನ್ಸಲೇಶನ್ ಶುಲ್ಕವೆಂದು 25 ಸಾವಿರ ಕೇಳಿದರು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಎಂಬುದು ಎಲ್ಲ ಕಾಲಕ್ಕೂ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಹೊಂದಿದವನಿಗೇ ಅದರ ಒಡೆತನವಿಲ್ಲದಿರುವಾಗ ಏಜೆಂಟರು ಅದನ್ನು ಒತ್ತೆಯಾಗಿ ಇಟ್ಟುಕೊಳ್ಳುವುದು ಹೇಗೆ? ಈ ಮಾತನ್ನು ಬರಹದಲ್ಲಿ ಹಾಕಿ ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟ ನಂತರ, ಮಾರ್ಚ್ ತಿಂಗಳಲ್ಲಿ ಪಾಸ್‌ಪೋರ್ಟ್ ಬಂತು. 60 ಸಾವಿರದಲ್ಲಿ 30 ಸಾವಿರ ಬಂತು. ಉಳಿದದ್ದರ ಬಗ್ಗೆ ದೂರು ನಡೆಯುತ್ತಿರುವುದರಿಂದ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಯಾರ ಹೆಸರನ್ನೂ ಹೇಳುವುದಿಲ್ಲ.

ಇದನ್ನು ಬರೆಯುವಾಗ ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಗುತ್ತದೆ. ಅವನು ಸಾಫ್ಟ್‌ವೇರ್ ಉದ್ಯೋಗಿ, ಅಮೆರಿಕದ ಎಚ್-1ಬಿ ವೀಸಾಕ್ಕೆ ಕಾಯುತ್ತಿದ್ದಾನೆ. ಅವನ ಕಷ್ಟ ಸಣ್ಣದೆಂದು ನಾನು ಹೇಳಲಾರೆ. ಲಾಟರಿಯಲ್ಲಿ ಹೆಸರು ಬರಬೇಕು, ಬಂದ ಮೇಲೆ ಸ್ಟಾಂಪಿಂಗ್‌ಗೆ ದಿನಾಂಕ ಸಿಗಬೇಕು, 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂಬ ಆದೇಶ ಬಂದಾಗ ಅವನು ಮೂರು ದಿನ ನಿದ್ದೆ ಮಾಡಲಿಲ್ಲವೆಂದು ಹೇಳಿದ್ದ. ಆದರೆ ಆ ವ್ಯವಸ್ಥೆಯಲ್ಲಿ ಅರ್ಜಿ ಸ್ವೀಕಾರವಾದೊಡನೆ ಅದಕ್ಕೊಂದು ರಸೀದಿ ಸಂಖ್ಯೆ ಬರುತ್ತದೆ, ಆ ಸಂಖ್ಯೆಯನ್ನು ಹಾಕಿ ತನ್ನ ಅರ್ಜಿ ಎಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಕಾಯುತ್ತಿರುವಷ್ಟು ಕಾಲವೂ ಅವನಿಗೆ ಇಲ್ಲಿಯ ಕೆಲಸವಿದೆ, ಸಂಬಳವಿದೆ, ಪಾಸ್‌ಪೋರ್ಟ್ ಅವನದೇ ಕಪಾಟಿನಲ್ಲಿದೆ, ಕಾಗದಪತ್ರಗಳನ್ನು ಕಂಪನಿಯ ವಕೀಲರು ನೋಡಿಕೊಳ್ಳುತ್ತಾರೆ. ಅವನ ವೀಸಾದ ಒಂದೊಂದು ಬದಲಾವಣೆಯೂ ಮರುದಿನ ಪತ್ರಿಕೆಗಳ ಮುಖಪುಟದಲ್ಲಿರುತ್ತದೆ. ನನ್ನ ಅಕ್ಕನ ಮಗನ ಕೈಯಲ್ಲಿದ್ದದ್ದು ದಿನಾಂಕವಿಲ್ಲದ ಒಂದು ವಿಸಿಟಿಂಗ್ ಕಾರ್ಡು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

ಕಾನೂನು ಇಲ್ಲವೆಂದಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಯಾರೂ ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸುವ ವ್ಯವಹಾರ ನಡೆಸುವಂತಿಲ್ಲ. ನೋಂದಾಯಿತ ಏಜೆಂಟರು ಕೂಡ ಒಬ್ಬನಿಂದ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಲೇಬೇಕು. ನೋಂದಣಿಗೆ ದೊಡ್ಡ ಮೊತ್ತದ ಬ್ಯಾಂಕ್ ಖಾತರಿ ಕೊಡಬೇಕಾಗಿರುವುದರಿಂದ, ನಮ್ಮ ಪೇಟೆಗಳಲ್ಲಿ ಟ್ರಾವೆಲ್ಸ್, ಕನ್ಸಲ್ಟೆನ್ಸಿ ಎಂಬ ಫಲಕ ಹಾಕಿಕೊಂಡಿರುವ ಅನೇಕರು ಆ ಗೋಜಿಗೇ ಹೋಗುವುದಿಲ್ಲ. ದೂರದ ಊರಿನ ಯಾವುದೋ ನೋಂದಾಯಿತ ಸಂಸ್ಥೆಗೆ ತಾವು ಸಬ್ ಏಜೆಂಟರು ಎನ್ನುತ್ತಾರೆ. ಈ ಕಾಯ್ದೆಯಲ್ಲಿ ಸಬ್ ಏಜೆಂಟ್ ಎಂಬ ಸ್ಥಾನವೇ ಇಲ್ಲ ಎಂಬುದು ಎಷ್ಟು ತಂದೆತಾಯಿಯರಿಗೆ ಗೊತ್ತಿದೆ? ಕಾಯ್ದೆ ಉಲ್ಲಂಘಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು 2,000 ರೂಪಾಯಿಯವರೆಗೆ ದಂಡ ವಿಧಿಸಬಹುದು. 1983ರಲ್ಲಿ ಎರಡು ಸಾವಿರಕ್ಕೆ ಒಂದು ಬೆಲೆಯಿತ್ತು. ಒಬ್ಬ ಹುಡುಗನಿಂದ ಒಂದು ಲಕ್ಷ ಎತ್ತುವವರಿಗೆ ಅದು ಇಂದು ಯಾವ ಲೆಕ್ಕ? ಹೊಸ ಮಸೂದೆಯ ಕರಡುಗಳು 2019ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಸಾರ್ವಜನಿಕರ ಮುಂದೆ ಬಂದರೂ ಅವು ಕಾಯ್ದೆಯಾಗಲಿಲ್ಲ.

ಇಲ್ಲಿ ಇನ್ನೊಂದು ತೊಡಕನ್ನು ವಿವರಿಸಲೇಬೇಕು, ಏಕೆಂದರೆ ನಮ್ಮ ಜಿಲ್ಲೆಗಳ ಹುಡುಗರು ಬೀಳುವುದು ಇದೇ ಬಿರುಕಿನಲ್ಲಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಸರ್ಕಾರದ ಅನುಮತಿ ಬೇಕಾದ ವರ್ಗದ್ದು. ಅವರು ಸೌದಿ, ಕುವೈತ್, ಕತಾರ್, ಒಮಾನ್, ಯುಎಇ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಕೇಂದ್ರ ಸರ್ಕಾರದ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಆ ಅನುಮತಿಯ ಜೊತೆಗೆ ಉದ್ಯೋಗದ ಕರಾರನ್ನು ಅಧಿಕಾರಿ ನೋಡುತ್ತಾರೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷ ರೂಪಾಯಿಯ ವಿಮೆಯೂ ಕಡ್ಡಾಯವಾಗಿ ಬರುತ್ತದೆ. ಎರಡು ವರ್ಷಕ್ಕೆ ಅದರ ಕಂತು 275 ರೂಪಾಯಿ ಮಾತ್ರ. ಹತ್ತನೇ ತರಗತಿ ಪಾಸಾದವನಿಗೆ ಈ ಯಾವ ತಪಾಸಣೆಯೂ ಇಲ್ಲ. ಓದಿದವನು ತನ್ನ ಹಿತ ತಾನೇ ನೋಡಿಕೊಳ್ಳಬಲ್ಲ ಎಂಬುದು ಈ ವ್ಯವಸ್ಥೆಯ ಹಿಂದಿನ ತರ್ಕ. ಕರಾವಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗದ ಹುಡುಗರು ಈಗ ಕಡಿಮೆ. ನಾವು ಮೇಷ್ಟ್ರುಗಳು ಮನೆ ಮನೆಗೆ ಹೋಗಿ ಕರೆತಂದು ಪಾಸು ಮಾಡಿಸಿದ ಮಕ್ಕಳೇ ಆ ಪಾಸಿನ ಕಾರಣದಿಂದ ಸರ್ಕಾರದ ಕಣ್ಣಿನಿಂದ ಮರೆಯಾಗುತ್ತಿದ್ದಾರೆ. ಇದನ್ನು ಅರಿತೇ ಇರಬೇಕು, 2018ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವು ಇಸಿಆರ್ ಅಲ್ಲದ ಪಾಸ್‌ಪೋರ್ಟ್ ಉಳ್ಳವರೂ ಈ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಇ-ಮೈಗ್ರೇಟ್‌ನಲ್ಲಿ ಕಡ್ಡಾಯವಾಗಿ ನೋಂದಾಯಿಸಿಕೊಳ್ಳಬೇಕು, ಅದು 2019ರ ಜನವರಿ 1ರಿಂದ ಜಾರಿಗೆ ಬರುತ್ತದೆ ಎಂದು ಪ್ರಕಟಿಸಿತು. ವಿರೋಧ ಬಂದ ಕಾರಣ ಅದೇ ತಿಂಗಳ ಕೊನೆಯಲ್ಲಿ ಅದನ್ನು ತಡೆಹಿಡಿಯಲಾಯಿತು. ಕೊನೆಯ ಗಳಿಗೆಯಲ್ಲಿ ವಿಮಾನ ನಿಲ್ದಾಣದಿಂದ ಜನರನ್ನು ಹಿಂದಕ್ಕೆ ಕಳುಹಿಸುವಂತಹ ಕಡ್ಡಾಯವನ್ನು ನಾನೂ ಒಪ್ಪುವುದಿಲ್ಲ. ಆದರೆ ಏಜೆಂಟರ ಕೈಗೆ ಪಾಸ್‌ಪೋರ್ಟ್ ಕೊಟ್ಟ ದಿನವೇ, ಇಂಥವನು ಇಂಥ ಕಚೇರಿಯ ಮೂಲಕ ಇಂಥ ದೇಶಕ್ಕೆ ಕಾಯುತ್ತಿದ್ದಾನೆ ಎಂದು ಶುಲ್ಕವಿಲ್ಲದೆ ದಾಖಲಾಗುವ ಒಂದು ವ್ಯವಸ್ಥೆ ಎಲ್ಲರಿಗೂ ಬೇಕು. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು, ಅವರಲ್ಲಿ ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. 275 ರೂಪಾಯಿಯ ವಿಮೆಯನ್ನು ಹತ್ತನೇ ತರಗತಿಯ ಅಂಕಪಟ್ಟಿ ನೋಡಿ ಕಡ್ಡಾಯ ಮಾಡುವುದು ಎಷ್ಟು ಸರಿ ಎಂಬುದನ್ನು ಅಧಿಕಾರದಲ್ಲಿರುವವರು ಯೋಚಿಸಬೇಕು.

ಮೆಡಿಕಲ್ ವಿಷಯವನ್ನೂ ಹೇಳಬೇಕು. ಹಿಂದೆ ಗಾಮ್ಕಾ ಎನ್ನುತ್ತಿದ್ದ, ಈಗ ವಾಫಿದ್ ಎಂಬ ಹೆಸರಿನ, ಕೊಲ್ಲಿ ದೇಶಗಳ ವೈದ್ಯಕೀಯ ತಪಾಸಣಾ ವ್ಯವಸ್ಥೆಯಡಿ ಮಾನ್ಯತೆ ಪಡೆದ ಕೇಂದ್ರಗಳಲ್ಲಿಯೇ ಪರೀಕ್ಷೆ ಆಗಬೇಕು. ಅದರ ಪ್ರಮಾಣಪತ್ರಕ್ಕೆ ಕೆಲವೇ ತಿಂಗಳ ಆಯುಸ್ಸು. ವೀಸಾದ ಕಾಗದ ಕೈಗೆ ಬಂದ ಮೇಲೆ ಮಾಡಿಸಬೇಕಾದ ಪರೀಕ್ಷೆಯನ್ನು ಮೊದಲೇ ಮಾಡಿಸಿಬಿಡುವುದು ಏಜೆಂಟರಿಗೆ ಅನುಕೂಲ, ಏಕೆಂದರೆ ಮೆಡಿಕಲ್ ಆಯಿತೆಂದರೆ ಹುಡುಗನಿಗೂ ಮನೆಯವರಿಗೂ ಅರ್ಧ ಹೊರಟಂತೆಯೇ ಅನಿಸುತ್ತದೆ. ನಮ್ಮ ಪಕ್ಕದ ಗ್ರಾಮದ ಒಬ್ಬ ಯುವಕನಿಗೆ ಬಾಲ್ಯದಲ್ಲಿ ಬಂದು ಪೂರ್ತಿ ವಾಸಿಯಾದ ಕ್ಷಯದ ಕಲೆಯೊಂದು ಎಕ್ಸ್‌ರೇಯಲ್ಲಿ ಕಂಡು ಅನ್‌ಫಿಟ್ ಎಂದಾಯಿತು. ಆ ಫಲಿತಾಂಶ ಒಂದು ದೇಶಕ್ಕೆ ಸೀಮಿತವಲ್ಲ, ಕೊಲ್ಲಿಯ ಉಳಿದ ದೇಶಗಳಿಗೂ ಕಾಣುತ್ತದೆ. ಹಣ ಕೊಟ್ಟು, ಕೆಲಸ ಬಿಟ್ಟ ಮೇಲೆ ಅವನಿಗೆ ಇದು ತಿಳಿಯಿತು. ಒಂದು ಎಕ್ಸ್‌ರೇಯನ್ನು ಊರಿನ ಆಸ್ಪತ್ರೆಯಲ್ಲಿ ಮೊದಲೇ ತೆಗೆಸಿ ನೋಡಿಕೋ ಎಂದು ಹೇಳುವವರು ಅವನಿಗೆ ಯಾರೂ ಸಿಗಲಿಲ್ಲ. ಈಗ ನನ್ನ ಬಳಿಗೆ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಕಾದು ದಣಿದವರಿಗೆ ತೋರಿಸುವ ವಿಸಿಟ್ ವೀಸಾದ ದಾರಿಯಲ್ಲಿ ಹೋದವರು ಅಲ್ಲಿ ಯಾವ ದಾಖಲೆಯಲ್ಲೂ ಕಾರ್ಮಿಕರಾಗಿರುವುದಿಲ್ಲ. ಅವಧಿ ಮೀರಿದರೆ ದಿನ ದಿನಕ್ಕೆ ದಂಡ, ಸಂಬಳ ಕೊಡದಿದ್ದರೆ ಕೇಳಲು ಕರಾರಿಲ್ಲ. ಕೆಲಸದ ವೀಸಾದಲ್ಲೇ ಹೋದವರಿಗೂ ಎಲ್ಲವೂ ಸಲೀಸೇನಲ್ಲ. 2019ರಲ್ಲಿ ಮಂಗಳೂರು ಕಡೆಯ ಮೂವತ್ತಕ್ಕೂ ಹೆಚ್ಚು ಯುವಕರು ಕುವೈತಿನಲ್ಲಿ ಹೇಳಿದ ಕೆಲಸವೂ ಸಂಬಳವೂ ಇಲ್ಲದೆ ಸಿಲುಕಿ, ಅಲ್ಲಿನ ಊರವರ ಆಸರೆಯಲ್ಲಿ ದಿನ ದೂಡಿದ್ದನ್ನು ತಮ್ಮ ಓದುಗರು ಮರೆತಿರಲಾರರು. ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ಗಡಿಯಲ್ಲಿ ಸಿಕ್ಕಿಕೊಂಡ ಸಂಗತಿ 2024ರಲ್ಲಿ ಹೊರಬಂತು. ರಷ್ಯಾ ಆ 18 ದೇಶಗಳ ಪಟ್ಟಿಯಲ್ಲೇ ಇಲ್ಲ. ಮನೆಗೆಲಸಕ್ಕೆಂದು ಹೋಗುವ ಹೆಣ್ಣುಮಕ್ಕಳ ಕಥೆ ಇದಕ್ಕಿಂತ ಕಠಿಣವಾದದ್ದು. ಇಸಿಆರ್ ಪಾಸ್‌ಪೋರ್ಟಿನ 30 ವರ್ಷದೊಳಗಿನ ಮಹಿಳೆಯರನ್ನು ಮನೆಗೆಲಸಕ್ಕೆ ಕಳುಹಿಸುವಂತಿಲ್ಲ ಎಂಬ ನಿಯಮವನ್ನು ತಪ್ಪಿಸಲೆಂದೇ ಅವರನ್ನು ಪ್ರವಾಸಿಗಳೆಂದು ತೋರಿಸಿ ವಿಮಾನ ಹತ್ತಿಸಲಾಗುತ್ತದೆ. ಅದರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಪ್ರತ್ಯೇಕವಾಗಿ ಬರೆಯಬೇಕು.

ಪಕ್ಕದ ಕೇರಳದಲ್ಲಿ ಅನಿವಾಸಿ ಕೇರಳೀಯರಿಗಾಗಿ 1996ರಲ್ಲಿಯೇ ಪ್ರತ್ಯೇಕ ಇಲಾಖೆಯಾಯಿತು, ನೋರ್ಕಾ ರೂಟ್ಸ್ ಎಂಬ ಸಂಸ್ಥೆ ಬಂತು, ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸಲು ಅದಕ್ಕೂ ಹಿಂದಿನ ಸರ್ಕಾರಿ ನಿಗಮವೇ ಇದೆ. ನಮ್ಮಲ್ಲಿ ಏನೂ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ಅನಿವಾಸಿ ಭಾರತೀಯ ಸಮಿತಿಯಿದೆ, ವಲಸೆ ರಕ್ಷಣಾಧಿಕಾರಿಯ ಕಚೇರಿಯೂ ಇದೆ. ಆದರೆ ಇವೆಲ್ಲ ಇರುವುದು ಬೆಂಗಳೂರಿನಲ್ಲಿ. ಭಟ್ಕಳದ, ಬೈಂದೂರಿನ, ಬಂಟ್ವಾಳದ ಹುಡುಗನೊಬ್ಬ ಒಂದು ಆಫರ್ ಲೆಟರ್ ನಿಜವೋ ಸುಳ್ಳೋ ಎಂದು ತಿಳಿಯಲು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾನೆಂದು ಯಾರೂ ನಿರೀಕ್ಷಿಸಬಾರದು. ಅವನು ಹೋಗುವುದು ಬಸ್ ನಿಲ್ದಾಣದ ಎದುರಿನ ಕಚೇರಿಗೇ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗಳಿವೆ. ಹಿಂದೆ ಹೆಸರು ನೋಂದಾಯಿಸಲು ಉದ್ದನೆಯ ಸಾಲು ನಿಲ್ಲುತ್ತಿದ್ದ ಆ ಕಚೇರಿಗಳಲ್ಲಿ ವಾರಕ್ಕೆ ಎರಡು ದಿನ, ಒಬ್ಬ ತಿಳಿದ ಸಿಬ್ಬಂದಿಯನ್ನು ಕೂರಿಸಿ, ಏಜೆಂಟರ ನೋಂದಣಿ ಇದೆಯೇ, ಕರಾರಿನಲ್ಲಿ ಏನು ಬರೆದಿದೆ, ವೀಸಾದ ಸಂಖ್ಯೆ ನಿಜವೇ ಎಂದು ಕನ್ನಡದಲ್ಲಿ ನೋಡಿ ಹೇಳುವ ವ್ಯವಸ್ಥೆ ಮಾಡಲು ರಾಜ್ಯ ಸರ್ಕಾರಕ್ಕೆ ಎಷ್ಟು ಖರ್ಚಾದೀತು? ನೋಂದಾಯಿತ ಏಜೆಂಟರ ಪಟ್ಟಿಯನ್ನು ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸಲು ಎಷ್ಟಾದೀತು? ಪೊಲೀಸ್ ಠಾಣೆಗಳಿಗೂ ಒಂದು ಸುತ್ತೋಲೆ ಹೋಗಬೇಕು. ವಲಸೆ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರದ ಪೂರ್ವಾನುಮತಿ ಬೇಕೆಂದು ಹೇಳಿ ದೂರುದಾರರನ್ನು ವಾಪಸು ಕಳುಹಿಸುವುದುಂಟು. ಮೋಸ ಹೋದವನೇ ಅಥವಾ ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಒಡಹುಟ್ಟಿದವರು ದೂರು ಕೊಟ್ಟಾಗ ಆ ಅನುಮತಿ ಬೇಕಿಲ್ಲವೆಂದು ಅದೇ ಕಾಯ್ದೆಯಲ್ಲಿದೆ.

ಕೇಂದ್ರ ಸರ್ಕಾರ ಹೊಸ ಕಾಯ್ದೆ ತರುವಾಗ ಈ ಕಾಯುವ ಕಾಲಕ್ಕೂ ಅದರಲ್ಲಿ ಜಾಗ ಸಿಗಬೇಕೆಂಬುದು ನನ್ನ ಆಗ್ರಹ. ವೀಸಾ ಕೈಗೆ ಬರುವವರೆಗೆ ಹಣ ಪಡೆಯಬಾರದು. ಮೂಲ ಪಾಸ್‌ಪೋರ್ಟನ್ನು ಸ್ಟಾಂಪಿಂಗ್‌ಗೆ ಬೇಕಾದ ದಿನಗಳಷ್ಟೇ ಇಟ್ಟುಕೊಳ್ಳಬೇಕು, ಅದಕ್ಕೂ ದಿನಾಂಕ ಸಹಿತ ರಸೀದಿ ಇರಬೇಕು. ಮೂರು ತಿಂಗಳು ದಾಟಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಬೇಡವೆಂದವನಿಗೆ ಪಾಸ್‌ಪೋರ್ಟನ್ನು ಅದೇ ದಿನ ಹಿಂತಿರುಗಿಸಬೇಕು. ಏಜೆಂಟರೆಲ್ಲ ಕೆಟ್ಟವರೆಂದು ನನ್ನ ಅಭಿಪ್ರಾಯವಲ್ಲ. ನೋಂದಣಿ ಮಾಡಿಸಿಕೊಂಡು, ಪ್ರಾಮಾಣಿಕವಾಗಿ ವರ್ಷಗಳಿಂದ ಈ ಕೆಲಸ ಮಾಡುತ್ತ ಬಂದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರ ಮೂಲಕ ಹೋದ ನನ್ನ ವಿದ್ಯಾರ್ಥಿಗಳು ಅಲ್ಲಿ ದುಡಿದು ಮನೆ ಕಟ್ಟಿ, ತಂಗಿಯರ ಮದುವೆ ಮಾಡಿ, ನಾನು ಪಾಠ ಮಾಡಿದ ಶಾಲೆಗೇ ಕಂಪ್ಯೂಟರ್ ಕೊಡಿಸಿದ್ದಾರೆ. ಇಂಥ ನಿಯಮಗಳು ಬಂದರೆ ಆ ಪ್ರಾಮಾಣಿಕರಿಗೆ ನಷ್ಟವೇನೂ ಆಗದು.

ಕೊನೆಯದಾಗಿ, ಸಂಪಾದಕರೇ, ತಮ್ಮಲ್ಲಿಯೇ ಒಂದು ವಿನಂತಿಯಿದೆ. ನನ್ನ ಅಕ್ಕನ ಮಗನ ಗೆಳೆಯನಿಗೆ ಆ ಕಚೇರಿಯ ವಿಷಯ ತಿಳಿದದ್ದು ಒಂದು ಪತ್ರಿಕೆಯ ವರ್ಗೀಕೃತ ಜಾಹೀರಾತಿನಿಂದ. ತಕ್ಷಣ ಬೇಕಾಗಿದ್ದಾರೆ, ಸೌದಿ, ಎಲೆಕ್ಟ್ರಿಷಿಯನ್, ಆಕರ್ಷಕ ಸಂಬಳ ಎಂಬ ನಾಲ್ಕು ಸಾಲು ಮತ್ತು ಒಂದು ಮೊಬೈಲ್ ಸಂಖ್ಯೆ ಅದರಲ್ಲಿತ್ತು. ನಮ್ಮ ಹಳ್ಳಿಗಳಲ್ಲಿ ಪತ್ರಿಕೆಯಲ್ಲಿ ಬಂದದ್ದನ್ನು ಸುಳ್ಳೆಂದು ಯಾರೂ ಸುಲಭವಾಗಿ ಭಾವಿಸುವುದಿಲ್ಲ, ಜಾಹೀರಾತಿಗೂ ಪತ್ರಿಕೆಯ ವಿಶ್ವಾಸವೇ ಅಂಟಿಕೊಳ್ಳುತ್ತದೆ. ವಿದೇಶಿ ಕೆಲಸದ ಜಾಹೀರಾತು ಕೊಡುವವರಿಂದ ವಿದೇಶಾಂಗ ಸಚಿವಾಲಯದ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಅದನ್ನು ಇ-ಮೈಗ್ರೇಟ್‌ನಲ್ಲಿ ಒಮ್ಮೆ ನೋಡಿ, ಜಾಹೀರಾತಿನ ಜೊತೆಯಲ್ಲೇ ಮುದ್ರಿಸುವ ನಿಯಮವನ್ನು ತಾವು ಮಾಡಿಕೊಳ್ಳಬೇಕು, ಸಂಖ್ಯೆ ಇಲ್ಲದ ಜಾಹೀರಾತನ್ನು ಹಿಂದಕ್ಕೆ ಕಳುಹಿಸಬೇಕು. ಅದರ ಕೆಳಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800 11 3090 ಎಂಬುದನ್ನೂ ಹಾಕಿದರೆ ಒಂದು ಸಾಲು ಹೆಚ್ಚಾಗಬಹುದು.

ನನ್ನ ಅಕ್ಕನ ಮಗ ಈಗ ಕುಂದಾಪುರದಲ್ಲೇ ವೈರಿಂಗ್ ಕೆಲಸ ಮಾಡುತ್ತ ಕೌಶಲ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ. ಹೋಗುವ ಆಸೆಯನ್ನು ಅವನು ಬಿಟ್ಟಿಲ್ಲ, ಬಿಡು ಎಂದು ನಾನೂ ಹೇಳಿಲ್ಲ. ಕಳೆದ ವಾರ ನಮ್ಮ ಊರಿನ ಇನ್ನಿಬ್ಬರು ಹುಡುಗರು ಬೇರೊಂದು ಕಚೇರಿಗೆ ಪಾಸ್‌ಪೋರ್ಟ್ ಕೊಟ್ಟು ಬಂದಿದ್ದಾರೆಂದು ತಿಳಿಯಿತು. ರಸೀದಿ ತೆಗೆದುಕೊಂಡಿರಾ ಎಂದು ಕೇಳಿದೆ, ಇಲ್ಲವೆಂದರು. ಸೋಮವಾರ ಅವರಿಬ್ಬರೊಂದಿಗೆ ನಾನೂ ಆ ಕಚೇರಿಗೆ ಹೋಗುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ